ನಾಲ್ಕನೇ ಮಡಿಯ ಗಿಡ್ಡ ಸೌತೆ

ನಮ್ಮ ಓಣಿಯಲ್ಲಿ ಈಗಲೂ ಒಂದು ಕತೆ ಓಡಾಡುತ್ತದೆ: "ಆ ಮನೆ ಸೊಸೆ ಹಟಕ್ಕೆ ಬಿದ್ದು ಮೊಗೆಬಳ್ಳಿ ಹಬ್ಬಿಸಿ ಮನೆ ಬಾಗಿಲನ್ನೇ ಮುಚ್ಚಿದಳು." ಇದಕ್ಕೆ ನನ್ನ ಎರಡು ಆಕ್ಷೇಪಗಳಿವೆ. ಒಂದು, ಮುಚ್ಚಿದ್ದು ಮನೆ ಬಾಗಿಲಲ್ಲ, ಬಚ್ಚಲ ಬಾಗಿಲು. ಎರಡು, ನಾನು ಬಿತ್ತಿದ್ದು ಮೊಗೆ, ಅಂದರೆ ಸಾಂಬಾರು ಸೌತೆ, ಅಲ್ಲ. ಅಂದರೆ, ಅಲ್ಲ ಅಂತ ನಂಬಿದ್ದೆ.

ಎರಡು ಸಾವಿರದ ಇಸವಿಯ ಆಚೀಚೆ, ಮದುವೆಯಾದ ಮೊದಲ ವರ್ಷ. ಶಿರಸಿಯ ಬಾಡಿಗೆ ಮನೆಯ ಹಿಂದೆ ನಾಲ್ಕು ಮಂಚ ಹಿಡಿಸುವಷ್ಟು ಜಾಗ. ಸುತ್ತ ಚಿರೆಕಲ್ಲು ಇಟ್ಟು, ಮಣ್ಣು ತುಂಬಿ, ನಾಲ್ಕು ಏರುಮಡಿ ಮಾಡಿದೆ. ಇನ್ನು ಬೆಳೆಯ ಆಯ್ಕೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಡಾಲು ಗೆದ್ದವಳು ನಾನು. ತಾನು ಹಿಡಿಯುವ ಜಾಗವನ್ನು ಸಮರ್ಥಿಸಿಕೊಳ್ಳಲು ಪ್ರತಿ ತರಕಾರಿಗೂ ನ್ಯಾಯವಾಗಿ ಅವಕಾಶ ಕೊಟ್ಟೆ. ಹರಿವೆ ಪಾಸು. ಬೆಂಡೆ ನೆಟ್ಟಗೆ ನಿಲ್ಲುತ್ತದೆ, ಪಾಸು. ಅಲಸಂದೆ, ಬಟ್ಟೆ ಒಣಗಿಸುವ ತಂತಿಗೆ ಏರುವ ಷರತ್ತಿನ ಮೇಲೆ ಪಾಸು. ಮೊಗೆಬಳ್ಳಿ ನಾಲ್ಕು ಕಾಯಿ ಕೊಡಲು ಇಡೀ ಅಂಗಳ ಕೇಳುತ್ತದೆ. ಅನರ್ಹ.

ನಾಲ್ಕನೇ ಮಡಿಗೆ ಅತ್ತೆ ತನ್ನೂರು ಕಾನಸೂರಿನಿಂದ ಬೀಜ ತಂದಳು. ನಮ್ಮ ಕಡೆ ಬೀಜವನ್ನು ಸೆಗಣಿಯಲ್ಲಿ ಹುದುಗಿಸಿ, ಗೋಡೆಗೆ ಬಡಿದು ಒಣಗಿಸಿ ಇಡುತ್ತಾರೆ. ಬಿಸ್ಕಿಟ್ ಡಬ್ಬಿಯಲ್ಲಿ ಅಂಥ ಎರಡು ಬಿಲ್ಲೆಗಳಿದ್ದವು.

"ಒಂದು ಬೆರಳ ಗುರುತು ಇದ್ದದ್ದು ಗಿಡ್ಡ ಸೌತೆ. ಬಳ್ಳಿ ಎರಡು ಮೊಳ ದಾಟ್ತಿಲ್ಲೆ. ಯನ್ನ ತವರುಮನೆ ಬೀಜ, ಇಷ್ಟೇ ಉಳದ್ದು. ಈಗ ಅಲ್ಲೂ ಇಲ್ಲೆ. ಎರಡು ಬೆರಳಿಂದು ಮೊಗೆ."

"ಅತ್ತೆ, ಬೆರಳ ಗುರುತು ಸಾಕ್ಷಿ ಆಗ್ತಿಲ್ಲೆ. ಆನು ಚೀಟಿ ಬರೀತೆ."

"ಬರಿ, ಬರಿ," ಅಂದಳು ಅತ್ತೆ.

ಬಿಲ್ಲೆ ಒಡೆದು, ಬೀಜ ತೊಳೆದು, ಮೇಜಿನ ಮೇಲೆ ಎರಡು ತಟ್ಟೆಯಲ್ಲಿ ಹರಡಿದೆ. ಎರಡೂ ನೋಡಲು ಒಂದೇ ತರ. ಬಲಗಡೆಯದು ಗಿಡ್ಡ ಎಂದು ಮನಸ್ಸಿನಲ್ಲಿ ದಾಖಲಿಸಿಕೊಂಡು ಪೆನ್ನು ಹುಡುಕುವಷ್ಟರಲ್ಲಿ ನನ್ನ ಗಂಡ ಗಣಪತಿ, "ಸೌತೆಕಾಯಿ ಪೇಟೇಲಿ ಸಿಕ್ತಿಲ್ಯಾ?" ಅಂದ. ಅವನಿಗೆ ಉತ್ತರ ಕೊಡುತ್ತ ಕೊಡುತ್ತ ಮೇಜಿನ ಆ ಬದಿಗೆ ಹೋಗಿದ್ದೆ. ವಾದ ಗೆದ್ದೆ. ಅಲ್ಲೇ ನಿಂತು, ಅತ್ತೆಯ ಕಣ್ಣೆದುರೇ ಚೀಟಿ ಬರೆದೆ. ಆ ಬದಿಗೆ ಹೋದರೆ ಬಲವೇ ಎಡ ಎನ್ನುವ ವಿಷಯ ಯಾವ ಸ್ಪರ್ಧೆಯಲ್ಲೂ ಬಂದಿರಲಿಲ್ಲ.

'ಗಿಡ್ಡ' ಮಡಿಗೆ ಹೋಯಿತು. ಅನರ್ಹ 'ಮೊಗೆ' ಗೊಬ್ಬರಗುಂಡಿಗೆ. ಸಂಜೆ ಅತ್ತೆ ಗುಂಡಿಯ ಹತ್ತಿರ ಬಗ್ಗಿದ್ದಳು.

"ಎಂತ ಹುಡುಕ್ತಾ ಇದ್ದೆ ಅತ್ತೆ?"

"ಮೂಗುತಿ ತಿರುಪು ಬಿದ್ದೋತು."

ನಾನೂ ಅರ್ಧ ಗಂಟೆ ಹುಡುಕಿದೆ. ಸಿಗಲಿಲ್ಲ. ಮರುದಿನ ಅವಳು ಊರಿನ ಬಸ್ಸು ಹತ್ತಿದಳು.

ಎರಡು ಮೊಳದ ಗಡಿಯನ್ನು ಬಳ್ಳಿ ಬೇಗನೆ ದಾಟಿತು. ಮಣ್ಣು ಫಲವತ್ತಾಗಿದೆ, ಅಂದೆ. ಬೆಂಡೆಯನ್ನು ಮಲಗಿಸಿತು. ಅಲಸಂದೆಯ ತಂತಿ ಕಸಿದುಕೊಂಡು, ಗಣಪತಿಯ ಪ್ಯಾಂಟಿನ ಬೆಲ್ಟ್ ಪಟ್ಟಿಗಳೊಳಗೆ ನೀಟಾಗಿ ಸುತ್ತಿಕೊಂಡಿತು. ಅಪವಾದಗಳಿರುತ್ತವೆ, ಅಂದೆ. ಒಂದು ಬೆಳಿಗ್ಗೆ ಗಣಪತಿ ಟವೆಲ್ ಹೊದ್ದು ಬಚ್ಚಲೆದುರು ನಿಂತಿದ್ದ.

"ಮಾರಾಯ್ತಿ, ಆನು ಸ್ನಾನ ಮಾಡವಾ ಬ್ಯಾಡ್ದಾ?"

ಪಕ್ಕದ ಮನೆ ಶಾಂತಕ್ಕ ಗೋಡೆಯಾಚೆಯಿಂದ ಇಣುಕಿದಳು. "ಗಿಡ್ಡ ಸೌತೆ ಅಂದಿದ್ಯಲೇ ತಂಗಿ? ಇದು ಮೊಗೆ. ಕಾಯಿ ನೋಡು."

ನೋಡಿದೆ. ಎಲೆಯಡಿ ದಪ್ಪ ಹೊಟ್ಟೆಯ, ಪಟ್ಟೆಪಟ್ಟೆಯ ಮೊಗೆಕಾಯಿ ಕೂತಿತ್ತು. ಹಾಗಾದರೆ ನಾನು ಗುಂಡಿಗೆ ಎಸೆದದ್ದು? ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಇಡೀ ಗುಂಡಿ ಕೆದಕಿದೆ. ಒಂದು ಗೆರಟೆ, ಎರಡು ಎರೆಹುಳ. ಅತ್ತೆಯ ತವರಿನಿಂದ ಉಳಿದಿದ್ದ ಬೀಜವನ್ನು ಜಾಗ ಉಳಿಸುವ ಹೆಸರಿನಲ್ಲಿ ಕೊಳೆಹಾಕಿದ್ದೆ.

ಚೌತಿಗೆ ಅತ್ತೆ ಬಂದಳು. ಕ್ಷಮೆಯ ಭಾಷಣವನ್ನು ಮೂರು ಅಂಶಗಳಲ್ಲಿ ಸಿದ್ಧಮಾಡಿದ್ದೆ. "ಅತ್ತೆ, ಮೊದಲನೆಯದಾಗಿ..." ಎನ್ನುವಾಗಲೇ ಅಳು ಬಂತು. ಸ್ಪರ್ಧೆಯಲ್ಲಾಗಿದ್ದರೆ ಸೊನ್ನೆ ಅಂಕ.

ಅವಳು ಚೀಲ ಬಗ್ಗಿಸಿದಳು. ಗೇಣುದ್ದವೂ ಇಲ್ಲದ ಸೌತೆಗಳು ಉರುಳಿದವು.

"ಗುಂಡೀಲಿ ಎಂಟು ಬೀಜ ಸಿಕ್ಕಿತ್ತು. ಐದು ಹುಟ್ಟಿದ್ದು."

ಮೂಗುತಿ ಅವಳ ಮೂಗಿನಲ್ಲಿ ಭದ್ರವಾಗಿತ್ತು. ಅವತ್ತೂ ಭದ್ರವಾಗಿಯೇ ಇದ್ದಿರಬೇಕು.

ಆಮೇಲೆ ಹಣ್ಣಾದ ಒಂದು ಸೌತೆ ಸೀಳಿ, ಬೀಜ ತೆಗೆದು, ಸೆಗಣಿಯಲ್ಲಿ ಹುದುಗಿಸಿ ಬಿಲ್ಲೆ ತಟ್ಟಿ ನನ್ನ ಮುಂದೆ ಹಿಡಿದಳು. "ನಿನ್ನ ಬೆರಳು ಒತ್ತು. ಇನ್ನು ಇದು ನಿನ್ನ ಬೀಜ."

ಒತ್ತಿದೆ. ಅದೂ ಸೊಟ್ಟಗಾಯಿತು. ಅವಳು ಅದನ್ನು ಸರಿಮಾಡದೆ ಹಾಗೇ ಗೋಡೆಗೆ ಬಡಿದು, ಕೈ ತೊಳೆಯಲು ಬಚ್ಚಲ ಕಡೆ ನಡೆದಳು, ಮೊಗೆಬಳ್ಳಿಯನ್ನು ಮೆಲ್ಲಗೆ ಸರಿಸುತ್ತ. ಹಿಂದಿನಿಂದಲೇ ಕೇಳಿದೆ:

"ಅತ್ತೆ, ಚೀಟಿ ತಪ್ಪಿದ್ದು ನಿಂಗೆ ಅವತ್ತೇ ಗೊತ್ತಿತ್ತು. ಎಂತಕ್ಕೆ ಹೇಳಿದ್ದಿಲ್ಲೆ? ಹೇಳಿದ್ರೆ ಆನು ಅದಕ್ಕೂ ವಾದ ಮಾಡ್ತಿದ್ದೆ ಅಂತಲಾ?"