ಅಪ್‌ಡೇಟ್ ಆದ ಮೇಲೆ ಹಿಂದಕ್ಕೆ ಹೊರಟ ನಮ್ಮ ರೋಬೋಟು

ಶಾಲಾಮಕ್ಕಳ ರೋಬೋಟುಗಳಿಗೆ ಪ್ರೋಗ್ರಾಂ ಬರೆಯುವ ತಂತ್ರಾಂಶದ ಅಪ್‌ಡೇಟ್ ವಿಭಾಗದ ಮುಖ್ಯಸ್ಥರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ಶಾಲೆಯೊಂದರ ಹೊಲಿಗೆ ಟೀಚರ್ ಮಾಡುವ ಅನಂತ ವಂದನೆಗಳು. ಹೊಲಿಗೆಯವಳಿಗೂ ರೋಬೋಟಿಗೂ ಏನು ನಂಟು ಎಂದು ತಾವು ಹುಬ್ಬೇರಿಸಬಹುದು. "ನಿಮಗೆ ಮಷೀನು ಗೊತ್ತಲ್ಲಾ, ರೋಬೋಟ್ ಸ್ಪರ್ಧೆ ತಂಡಾನೂ ನೀವೇ ನೋಡ್ಕೊಳ್ಳಿ" ಎಂದು ಹೆಡ್‌ಮಿಸ್ ಅಪ್ಪಣೆ ಕೊಡಿಸಿದ ದಿನದಿಂದ ಕತ್ತರಿ ಹಿಡಿದ ಕೈಗೆ ಸ್ಕ್ರೂಡ್ರೈವರ್ ಬಂದಿದೆ.

ತಂಡದಲ್ಲಿ ಐವರು ಹುಡುಗಿಯರು. ಪ್ರೋಗ್ರಾಂ ಬರೆಯುವವಳು ಏಳನೇ ತರಗತಿಯವಳು. ಗಾತ್ರವನ್ನೂ ಮೊನೆಯನ್ನೂ ನೋಡಿ ಎಲ್ಲರೂ ಅವಳನ್ನು ಗುಂಡುಸೂಜಿ ಎನ್ನುತ್ತಾರೆ. ಮೂರು ತಿಂಗಳು ಹೊಲಿಗೆ ಕೋಣೆಯ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದುಕೊಂಡು, ಮರದ ತುಂಡುಗಳನ್ನು ತೋಳಿನಿಂದ ಬಾಚಿ ನಮ್ಮ ಗೂಡಿಗೆ ಒಯ್ದು ಹಾಕುವುದನ್ನು ಅವಳು ರೋಬೋಟಿಗೆ ಕಲಿಸಿದಳು.

ಸ್ಪರ್ಧೆಯ ಬೆಳಿಗ್ಗೆ ತಪಾಸಣೆಗೆ ಕೂತಿದ್ದ ಮಹನೀಯರು ರೋಬೋಟಿನ ಮುಖವನ್ನೂ ನೋಡದೆ, "ಇವತ್ತೇ ಹೊಸ ಅಪ್‌ಡೇಟ್ ಬಂದಿದೆ, ಹಾಕ್ಕೊಂಡು ಬನ್ನಿ. ಇಲ್ಲಾಂದ್ರೆ ಒಳಗೆ ಬಿಡಕ್ಕಾಗಲ್ಲ" ಎಂದರು. ಹಾಕಿದೆವು. ರೋಬೋಟಿನದು ಮುಗಿಯಿತು, ಪ್ರೋಗ್ರಾಂ ಬರೆಯುವ ಲ್ಯಾಪ್‌ಟಾಪಿನದು ಶೇಕಡಾ ಅರವತ್ತೆರಡಕ್ಕೆ ಬಂದು ಧ್ಯಾನಕ್ಕೆ ಕೂತಿತು. ಅಷ್ಟರಲ್ಲಿ ನಮ್ಮ ಸರದಿ ಕೂಗಿದರು.

ಆ ಅಪ್‌ಡೇಟಿನಲ್ಲಿ ತಾವು ಮೋಟಾರುಗಳ 'ಮುಂದಕ್ಕೆ' ಎಂಬುದನ್ನು 'ಹಿಂದಕ್ಕೆ' ಎಂದು ಸುಧಾರಿಸಿರುವ ಸಂಗತಿ ನಮಗೆ ತಿಳಿದದ್ದು ಮುನ್ನೂರು ಜನರ ಎದುರಿಗೆ. ಸೀಟಿ ಊದಿದ್ದೇ ತಡ, ಅಂಕಣದ ನಡುವೆ ನಮ್ಮ ಗೂಡಿನತ್ತ ಮುಖ ಮಾಡಿ ನಿಂತಿದ್ದ ರೋಬೋಟು ತೋಳನ್ನು ನಮ್ಮತ್ತಲೇ ಚಾಚಿಕೊಂಡು ಹಿಮ್ಮುಖವಾಗಿ ಹೊರಟು, ಸಿಕ್ಕ ತುಂಡುಗಳನ್ನೆಲ್ಲ ಬೆನ್ನಿನಿಂದ ದಬ್ಬಿ ಎದುರಾಳಿಗಳ ಗೂಡನ್ನು ತುಂಬಿಸಿತು. ಒಂದೂ ಹೊರಗೆ ಬೀಳಲಿಲ್ಲ. ಅಂಥ ಅಚ್ಚುಕಟ್ಟನ್ನು ಅದು ಅಭ್ಯಾಸದಲ್ಲಿ ಎಂದೂ ತೋರಿಸಿರಲಿಲ್ಲ. ಎದುರು ತಂಡದ ನಾಯಕಿ ಬಂದು "ತುಂಬಾ ಥ್ಯಾಂಕ್ಸ್ ಕಣೇ" ಎಂದು ಗುಂಡುಸೂಜಿಯ ಕೈ ಕುಲುಕಿದಳು. ಇವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳುವ ಕೆಲಸವಾದರೂ ನನಗೆ ಸಿಗುತ್ತಿತ್ತು.

ಲ್ಯಾಪ್‌ಟಾಪು ಇನ್ನೂ ಅರವತ್ತೆರಡರಲ್ಲೇ ಇತ್ತು. ಸ್ವಲ್ಪ ಹೊತ್ತು ಅದನ್ನೇ ದಿಟ್ಟಿಸಿದ ಗುಂಡುಸೂಜಿ, "ಪ್ರೋಗ್ರಾಂ ತಿದ್ದಕ್ಕಾಗಲ್ಲ ಅಲ್ವಾ ಟೀಚರ್? ತೋಳನ್ನೇ ಹಿಂದುಗಡೆ ಹಾಕ್ಬಿಡೋಣ" ಎಂದಳು. ರವಿಕೆಗಳಿಗೆ ಉಲ್ಟಾ ಕೂಡಿಸಿದ ತೋಳುಗಳನ್ನು ಬಿಚ್ಚಿ ಹಾಕುತ್ತಲೇ ಇಪ್ಪತ್ತು ವರ್ಷ ಕಳೆದ ನನಗೆ, ಇಡೀ ದಿನದಲ್ಲಿ ಅರ್ಥವಾದ ಮೊದಲ ತಾಂತ್ರಿಕ ಮಾತು ಅದು. ಆರು ಸ್ಕ್ರೂ, ಹನ್ನೊಂದು ನಿಮಿಷ. ರೋಬೋಟಿನ ಬೆನ್ನನ್ನು ನಮ್ಮತ್ತ ತಿರುಗಿಸಿ ನಿಲ್ಲಿಸಿ ಎರಡನೆಯ ಪಂದ್ಯ ಗೆದ್ದೆವು, ಮಾನ್ಯರೇ; ವಯಸ್ಸು ಮರೆತು ನಾನು ಕುರ್ಚಿಯ ಮೇಲೆ ಹತ್ತಿ ಕೂಗಿದೆ.

ಆದರೆ ತಮ್ಮ ಕರುಣೆ ಅಷ್ಟಕ್ಕೇ ಬತ್ತುವಂಥದಲ್ಲ. ಮೂರನೆಯ ಪಂದ್ಯಕ್ಕೆಂದು ಬ್ಯಾಟರಿ ಬದಲಿಸುವಾಗ ತಮ್ಮ 'ಸಣ್ಣ ತಿದ್ದುಪಡಿ' ಸಭಾಂಗಣದ ವೈಫೈ ಹಿಡಿದು, ಯಾರನ್ನೂ ಕೇಳದೆ ರೋಬೋಟಿನೊಳಗೆ ಇಳಿಯಿತು. ತಪ್ಪು ಅರಿವಾಗಿ ತಾವು 'ಮುಂದಕ್ಕೆ' ಎಂಬುದನ್ನು ಮತ್ತೆ ಮುಂದಕ್ಕೇ ಮಾಡಿದ್ದಿರಿ. ಬೆನ್ನಿಗೆ ತೋಳು ಕಟ್ಟಿಕೊಂಡ ನಮ್ಮ ರೋಬೋಟು ಪುನಃ ಎದುರಾಳಿಗಳ ಸೇವೆಗೆ ಹೊರಟಿತು. ನಾವು ಮನೆಗೆ ಹೊರಟೆವು.

ಆದಕಾರಣ ತಮ್ಮಲ್ಲಿ ಒಂದು ಅರಿಕೆ. ಮುಂದಿನ ಅಪ್‌ಡೇಟಿಗೆ ಮುನ್ನ ತಮ್ಮ ಕಚೇರಿಯ ಲಿಫ್ಟಿನಲ್ಲಿ 'ಮೇಲಕ್ಕೆ' ಎಂದು ಒತ್ತಿದರೆ ಕೆಳಕ್ಕೆ ಹೋಗುವಂತೆ ಸುಧಾರಿಸಿ, ತಾವು ಅರ್ಧ ದಾರಿಯಲ್ಲಿರುವಾಗ ಅದನ್ನು ಸದ್ದಿಲ್ಲದೆ ತಿದ್ದಿಸಿ, ಆಮೇಲೆ ಎಷ್ಟನೆಯ ಮಹಡಿಯಲ್ಲಿ ಇಳಿದಿರಿ ಎಂದು ನಮಗೆ ತಿಳಿಸುವ ಕೃಪೆ ಮಾಡಬೇಕು.

ವಾಪಸ್ ಬರುವಾಗ ವ್ಯಾನಿನಲ್ಲಿ ಗುಂಡುಸೂಜಿ, "ಟೀಚರ್, ಮುಂದಿನ್ ಸಲ ಎರಡೂ ಕಡೆ ತೋಳು ಇಡೋಣ. ಅವ್ರು ಯಾವಾಗ ಏನ್ ಮಾಡ್ತಾರೋ ಹೇಳಕ್ಕಾಗಲ್ಲ" ಎಂದಳು. ಹನ್ನೆರಡು ವರ್ಷದ ಮಗುವಿಗೆ ದೊಡ್ಡವರ ವಿಷಯವನ್ನು ಒಂದೇ ದಿನದಲ್ಲಿ ಇಷ್ಟು ಚೆನ್ನಾಗಿ ಕಲಿಸಿಕೊಟ್ಟ ತಮಗೆ ನಮ್ಮ ಶಾಲೆ ಚಿರಋಣಿ.

ಯಾವ ಅಪ್‌ಡೇಟೂ ಆಗದೆ ಹಳೆಯದಾಗಿಯೇ ಉಳಿದಿರುವ,
ತಮ್ಮ ವಿಶ್ವಾಸಿ,
ಹೊಲಿಗೆ ಟೀಚರ್

ತಾ.ಕ.: "ಈ ಅಪ್‌ಡೇಟ್ ನಿಮಗೆ ಇಷ್ಟವಾಯಿತೇ?" ಎಂದು ತಾವು ಪರದೆಯ ಮೇಲೆ ಕಳಿಸಿದ ಪ್ರಶ್ನೆ ತಲುಪಿದೆ. ಉತ್ತರಕ್ಕೆ 'ಹೌದು', 'ಆಮೇಲೆ ನೆನಪಿಸಿ' ಎಂಬ ಎರಡೇ ಗುಂಡಿಗಳಿವೆ. ದಯವಿಟ್ಟು ಈ ಕಾಗದವನ್ನು ಮೂರನೆಯದೆಂದು ಭಾವಿಸಿ, ಒತ್ತಿಕೊಳ್ಳಿ.