ಲಿಫ್ಟಿನ ದೂರಿಗೆ ನಾನು ಬರೆದ ಶಾಸನ

ದೂರು ಹೇಳಲು ಬಂದವರ ಬಾಯಿ ಮುಚ್ಚಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವನು ಹುಟ್ಟಿಲ್ಲ, ಇನ್ನು ಹುಟ್ಟುವುದೂ ಇಲ್ಲ! ಲಿಫ್ಟ್ ಕಂಪನಿಯೊಂದರ ದೂರು ವಿಭಾಗದ ಮುಖ್ಯಸ್ಥ ನಾನು. ಫೋನಿಗೆ ಉತ್ತರಿಸಲು ಕಂಪನಿ ಎಐ ಸಹಾಯಕನನ್ನು ತಂದಾಗ, ಅದಕ್ಕೆ ನಡೆನುಡಿ ಕಲಿಸುವ ಭಾರ ನನ್ನ ಹೆಗಲಿಗೇ ಬಿತ್ತು. ಚಕ್ರವರ್ತಿಯ ಗತ್ತಿನಲ್ಲಿ ಕೂತು ನಿಯಮ ಬರೆದೆ.

ಯಾರೇ ದೂರಿದರೂ ಮೊದಲು ಮರುಗಬೇಕು. ಆಮೇಲೆ ಪ್ರಶ್ನೆ ಕೇಳಬೇಕು, ಕೇಳುತ್ತಲೇ ಇರಬೇಕು. ಅಷ್ಟರಲ್ಲಿ ಅರ್ಧ ಜನ ಸಾಕಾಗಿ ಮೆಟ್ಟಿಲು ಹತ್ತಿಬಿಡುತ್ತಾರೆ. ‘ನಾನ್ಯಾರು ಗೊತ್ತಾ’ ಎಂದು ಗುಡುಗುವವರನ್ನು ನಂಬಲೇಬಾರದು, ಆದರೆ ನಯವಾಗಿ ನಂಬಬಾರದು. ಸಹಾಯಕ ಹೇಳದೆ ಯಾವ ಮೆಕ್ಯಾನಿಕ್ಕೂ ಕೂತಲ್ಲಿಂದ ಏಳಬಾರದು.

ದೂರುಗಳು ಇಳಿದವು, ನನ್ನ ತಲೆ ಮೇಲೇರಿತು. ಮಾಲೀಕರು ಖುಷಿಯಾಗಿ, ಭಾನುವಾರ ನಮ್ಮ ಮನೆಗೇ ಚಹಾಕ್ಕೆ ಬರುವುದಾಗಿ ಹೇಳಿದರು. ಅವರಿಗೆ ಒಪ್ಪಿಗೆಯಾದರೆ ನನ್ನ ನಿಯಮಗಳು ಎಲ್ಲ ಶಾಖೆಗಳಿಗೆ, ನಾನು ಎಲ್ಲ ಶಾಖೆಗಳ ಮೇಲೆ!

“ರೀ, ಮೆಟ್ಟಿಲಲ್ಲೇ ಕರ್ಕೊಂಡು ಬನ್ನಿ. ಆ ಲಿಫ್ಟು ಬೆಳಿಗ್ಗೆಯಿಂದ ನರಳ್ತಾ ಇದೆ,” ಎಂದಳು ನನ್ನವಳು, ಭಾನುವಾರ ಅವರನ್ನು ಕರೆತರಲು ಕೆಳಗಿಳಿಯುತ್ತಿದ್ದ ನನಗೆ.

“ನಮ್ಮ ಕಂಪನೀದೇ ಲಿಫ್ಟು ಕಣೇ. ಅದರ ಮಾಲೀಕರನ್ನೇ ಮೆಟ್ಟಿಲು ಹತ್ತಿಸ್ಲಾ?”

ಅವಳು ಮತ್ತೇನೂ ಹೇಳಲಿಲ್ಲ. ಲಿಫ್ಟು ಹೇಳಿತು. ಮೂರನೇ ಮಹಡಿಗೂ ನಾಲ್ಕನೆಯದಕ್ಕೂ ನಡುವೆ ಒಮ್ಮೆ ಬಿಕ್ಕಳಿಸಿ, ಮಾಲೀಕರನ್ನೂ ನನ್ನನ್ನೂ ಒಳಗಿಟ್ಟುಕೊಂಡು ನಿಂತುಬಿಟ್ಟಿತು.

ನಾನು ಎದೆಗುಂದಲಿಲ್ಲ. ಸಹಾಯಕನ ಚಾಕಚಕ್ಯತೆಯನ್ನು ಅವರು ಕಿವಿಯಾರೆ ಕೇಳಲಿ ಎಂದು ದೂರಿನ ನಂಬರು ಒತ್ತಿ, ಫೋನನ್ನು ಸ್ಪೀಕರಿಗೆ ಹಾಕಿದೆ.

“ನಿಮ್ಮ ಸಂಕಟ ಕೇಳಿ ಬಹಳ ನೋವಾಯಿತು,” ಎಂದಿತು ಅದು. “ತಾವು ಲಿಫ್ಟಿನ ಒಳಗಿದ್ದೀರೋ, ಹೊರಗಿದ್ದೀರೋ?”

ಒಳಗೆ ಎಂದೆ. ಹತ್ತುವಾಗ ಯಾವ ಕಾಲು ಮೊದಲಿಟ್ಟಿರಿ ಎಂದು ಕೇಳಿತು. ಬಲಗಾಲು ಎಂದೆ. ಖಚಿತವೇ ಎಂದಿತು. ಮಾಲೀಕರ ಮುಖ ಕೆಂಪಾಯಿತು. ಫೋನು ಕಸಿದುಕೊಂಡು, ಈ ಕಂಪನಿಯ ಮಾಲೀಕ ತಾನೇ ಎಂದು ಗುಡುಗಿದರು.

“ಬಹಳ ಸಂತೋಷ. ಇವತ್ತು ಕರೆ ಮಾಡಿದ ಮಾಲೀಕರಲ್ಲಿ ತಾವು ನಾಲ್ಕನೆಯವರು.”

ಬೆವರು ಒರೆಸಿಕೊಳ್ಳುತ್ತಾ ಮೆಕ್ಯಾನಿಕ್‌ಗೇ ನೇರವಾಗಿ ಫೋನು ಮಾಡಿದೆ. ಅವನು ನಿಯಮಕ್ಕೆ ಕಟ್ಟುಬಿದ್ದವನು. “ಅದು ಹೇಳ್ದೆ ಏಳಬೇಡ ಅಂದಿದ್ದು ನೀವೇ ಅಲ್ವಾ ಸರ್? ಯಾರ ಮಾತಿಗೂ ಜಗ್ಗಬೇಡ ಅಂತಾನೂ ಅಂದಿದ್ರಿ,” ಎಂದು ನನಗೇ ನೆನಪಿಸಿ ಇಟ್ಟುಬಿಟ್ಟ. ನನ್ನ ಬಡ್ತಿ ಆ ಪೆಟ್ಟಿಗೆಯೊಳಗೇ ಉಸಿರುಗಟ್ಟಿ ಸಾಯುತ್ತಿರುವುದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಳು ಬರುವುದೊಂದು ಬಾಕಿ.

ಅಷ್ಟರಲ್ಲಿ ಮೇಲಿನ ಬಾಗಿಲ ಸಂದಿಯಿಂದ ನನ್ನವಳ ದನಿ ಬಂತು. ಚಹಾ ಆರಿಹೋಗುತ್ತಿದೆಯಂತೆ, ಆ ದೂರಿನ ನಂಬರಿಗೆ ತಾನೊಂದು ಫೋನು ಮಾಡಲೇ ಅಂತ. ಮಾಲೀಕರಿಂದಲೇ ಆಗದ್ದು ನಿನ್ನಿಂದ ಆಗುತ್ತದೆಯೇ, ಸುಮ್ಮನಿರು ಎಂದೆ. ಅವಳು ನನ್ನ ಮಾತು ಎಂದು ಕೇಳಿದ್ದಾಳೆ?

ಸ್ವಲ್ಪ ಹೊತ್ತಿಗೆಲ್ಲ ಮೆಟ್ಟಿಲ ಮೇಲೆ ದಡದಡ ಸದ್ದು. ಒಬ್ಬರಲ್ಲ, ಇಬ್ಬರು ಮೆಕ್ಯಾನಿಕ್‌ಗಳು! ಬಾಗಿಲು ತೆರೆಯಿತು. ಮಾಲೀಕರು ಮಂಡಿಯೂರಿ ತೆವಳಿ ಹೊರಬಂದು, ಆರಿದ ಚಹಾವನ್ನೇ ಗಟಗಟ ಕುಡಿದು, ನನ್ನವಳ ಫೋನನ್ನೇ ಸ್ಪೀಕರಿಗೆ ಹಾಕಿ ಸಹಾಯಕನನ್ನು ಕೇಳಿದರು:

“ನಾನು ಗಂಟಲು ಹರ್ಕೊಂಡ್ರೂ ಕದಲಲಿಲ್ಲ. ಈಯಮ್ಮ ಒಂದು ಮಾತು ಹೇಳಿದ್ದಕ್ಕೆ ಇಬ್ಬರನ್ನ ಕಳಿಸಿದ್ದೀಯಲ್ಲ, ಯಾಕೆ?”

“ಮುಖ್ಯಸ್ಥರ ಕೊನೆಯ ನಿಯಮ,” ಎಂದಿತು ಆ ವಿಶ್ವಾಸದ್ರೋಹಿ. “ಈ ನಂಬರಿನಿಂದ ಕರೆ ಬಂದರೆ ಪ್ರಶ್ನೆ ಕೇಳಬಾರದು, ವಾದ ಮಾಡಬಾರದು. ಹೇಳಿದ್ದನ್ನು ತಕ್ಷಣ ಮಾಡಿ, ಕಡೆಗೆ ಕ್ಷಮೆಯನ್ನೂ ಕೇಳಬೇಕು. ಇಲ್ಲದಿದ್ದರೆ ಮನೆಯಲ್ಲಿ ತಮಗೆ ಉಳಿಗಾಲವಿಲ್ಲ ಎಂದು ಬರೆದಿದ್ದಾರೆ.”

ನನ್ನವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾನು ನೆಲ ನೋಡಿದೆ. ಮಾಲೀಕರು ಮಾತ್ರ ಮೊದಲ ಬಾರಿಗೆ ನಕ್ಕರು.

“ನೀವು ಬರೆದಿದ್ದರಲ್ಲಿ ಬುದ್ಧಿ ಇರೋದು ಇದೊಂದರಲ್ಲೇ ಕಣ್ರೀ. ಮಿಕ್ಕಿದ್ದೆಲ್ಲ ಅಳಿಸಿಹಾಕಿ. ನಾಳೆಯಿಂದ ದೂರು ಕೊಡೋರು ಯಾರೇ ಆಗಿರಲಿ, ನಿಮ್ಮ ಹೆಂಡತಿ ಅಂತಲೇ ತಿಳ್ಕೋಬೇಕು.”

ಆಜ್ಞೆ ಜಾರಿಗೆ ಬಂದಿದೆ. ಒಬ್ಬಳ ಮುಂದೆಯೇ ಉಸಿರೆತ್ತಲಾಗದ ನನಗೆ ಈಗ ನಮ್ಮ ಲಿಫ್ಟು ಓಡಾಡುವ ಕಟ್ಟಡಗಳ ಮನೆಮನೆಯಲ್ಲೂ ಹೆಂಡತಿ. ಅದರಲ್ಲಿ ಅರ್ಧದಷ್ಟು ಮಂದಿಗೆ ಮೀಸೆಯೂ ಇದೆ!