ನನ್ನ ಗಡ್ಡ ಕೊಟ್ಟ ಮಾಸ್ಕ್ ಪರೀಕ್ಷೆ

ನನ್ನ ಮೊಮ್ಮಗಳು ಸುಮಾ ಬನಹಟ್ಟಿಯ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಸುರಕ್ಷತೆ ನೋಡಿಕೊಳ್ಳುವ ಮೇಡಂ. ಮೇಡಂ! ಎರಡನೇ ಇಯತ್ತೆಗೆ ಶಾಲೆ ಬಿಟ್ಟವನ ಮೊಮ್ಮಗಳು! ಅವಳು ಕೆಲಸಗಾರರಿಗೆ ಮೊದಲ ತರಬೇತಿ ಕೊಡುವ ದಿನ ನನಗೆ ಕುಂತಲ್ಲಿ ಕೂರಲಾಗಲಿಲ್ಲ. ಚಪ್ಪಲಿ ಹಾಕಿದೆ, ಬಿಚ್ಚಿದೆ, ಮತ್ತೆ ಹಾಕಿದೆ.

“ನೀವು ಹೋಗಿ ಏನ್ ಮಾಡ್ತೀರಿ? ಸುಮ್ನ ಕೂಡ್ರಿ,” ಎಂದಳು ಹೆಂಡತಿ ಗಂಗವ್ವ.

“ಧೈರ್ಯಾ ತುಂಬಾಕ ಹೊಂಟೇನಿ!” ಎಂದು ಎದೆವರೆಗಿನ ಗಡ್ಡ ನೀವಿಕೊಂಡು ಹೊರಟೇಬಿಟ್ಟೆ.

ಅಲ್ಲಿ ದೊಡ್ಡ ತಕರಾರು. ಆ್ಯಸಿಡ್ ಹಬೆಯ ಹತ್ತಿರ ಹೋಗುವವರು ಮಾಸ್ಕ್ ಹಾಕಬೇಕು, ಅದು ಮುಖಕ್ಕೆ ಬಿಗಿಯಾಗಿ ಕೂರಲು ಗಡ್ಡ ಬೋಳಿಸಬೇಕು ಎನ್ನುತ್ತಿದ್ದಳು ಸುಮಾ. ಕೆಲಸಗಾರರು ಒಪ್ಪಲೊಲ್ಲರು. ಕಾರ್ಖಾನೆಯ ಸಾಹೇಬರು ಬಾಗಿಲಲ್ಲೇ ನಿಂತಿದ್ದರು.

“ಪರೀಕ್ಷಾ ಮಾಡಿ ತೋರಸ್ತೀನಿ. ಗಡ್ಡ ಇದ್ದವರೊಬ್ರು ಬರ್ರಿ,” ಎಂದಳು.

ಯಾರೂ ಏಳಲಿಲ್ಲ. ನಾನು ಎದ್ದೆ!

ಮಾಸ್ಕ್ ಕಟ್ಟಿ, ತಲೆಗೊಂದು ಪಾರದರ್ಶಕ ಚೀಲ ಹಾಕಿ, ಅದರೊಳಗೆ ಸಿಹಿ ಬೆರೆಸಿದ ನೀರು ಸಿಂಪಡಿಸಿದಳು. ನಾಲಗೆಗೆ ಸಿಹಿ ಹತ್ತಿದರೆ ಮಾಸ್ಕಿನೊಳಗೆ ಗಾಳಿ ನುಸುಳುತ್ತಿದೆ ಎಂದರ್ಥವಂತೆ.

“ಸೀ ಹತ್ತಾಕತ್ತೇತೇನು ಅಜ್ಜಾ?”

ಹತ್ತಿತ್ತು! ಕಬ್ಬಿನ ಹಾಲು ಕುಡಿದಷ್ಟು ಹತ್ತಿತ್ತು. ಆದರೆ ಮೊಮ್ಮಗಳು ಕಟ್ಟಿದ ಮಾಸ್ಕ್ ಸರಿಯಿಲ್ಲವೆಂದು ಸಾಹೇಬರ ಮುಂದೆ ಹೇಳಲೇ? ಮನೆತನದ ಮಾನದ ಪ್ರಶ್ನೆ!

“ಇಲ್ಲವ್ವಾ! ಒಂಚೂರೂ ಇಲ್ಲ!”

ಸುಮಾಳ ಮುಖ ಸಪ್ಪಗಾಯಿತು. ಕೆಲಸಗಾರರ ನಡುವಿನಿಂದ ಗಡ್ಡದ ಬಸು ಎದ್ದು ನಿಂತ. “ನೋಡ್ರಿ ಮೇಡಂ! ಅಜ್ಜಾರ ಗಡ್ಡ ಪಾಸಾತು. ನಮ್ಮದೂ ಇರ್ಲಿ!”

“ಹಂಗಾದ್ರ ಬೋಳಿಸೂದು ಯಾಕ ಬೇಕು?” ಎಂದರು ಸಾಹೇಬರು.

ಆಗ ಹೊಳೆಯಿತು. ಗಡ್ಡ ನಪಾಸಾಗಲೆಂದೇ ಅವಳು ಗಡ್ಡದವರನ್ನು ಕರೆದಿದ್ದಳು! ನನ್ನ ಸುಳ್ಳಿನಿಂದ ಇವರೆಲ್ಲ ಎದೆಗೆ ವಿಷ ಎಳೆದುಕೊಳ್ಳುವುದು ಖಾತ್ರಿ. ಚೀಲ ಕಿತ್ತೆಸೆದೆ.

“ಸುಳ್ಳ ಹೇಳೀನ್ರಪಾ! ಬಾಯಿ ತುಂಬ ಸೀ ಆಗೇತಿ!”

“ಈಗ ಮೊಮ್ಮಗಳ ಸಲುವಾಗಿ ಸುಳ್ಳ ಹೇಳಾಕತ್ತೀರಿ, ಅಜ್ಜಾರ!” ಎಂದು ಬಸು ನಕ್ಕ.

“ಹಂಗಾದ್ರ ನೀನ ಹಾಕ್ಕೊಂಡು ನೋಡಲೇ!”

ಬಸು ಹಾಕಿಕೊಂಡ. ಎರಡು ಸಲ ಸಿಂಪಡಿಸುವಷ್ಟರಲ್ಲಿ, “ಅಯ್ಯಯ್ಯ, ಸೀ!” ಎಂದು ಕೂಗಿದ. ಗೆದ್ದೆವು! ಆದರೆ ಅವನು ಚೀಲದಿಂದ ತಲೆ ಹೊರಗೆ ತೆಗೆದವನೇ, “ನಾವು ಬೋಳಿಸ್ತೀವ್ರಿ. ಮೊದಲ ಅಜ್ಜಾರು!” ಎನ್ನಬೇಕೇ?

ಎದುರಿನ ಕಟಿಂಗ್ ಅಂಗಡಿಯಲ್ಲಿ ಇಪ್ಪತ್ತು ವರ್ಷದ ಗಡ್ಡ ಐದು ನಿಮಿಷದಲ್ಲಿ ನೆಲ ಕಂಡಿತು. ತಿರುಗಿ ಬಂದೆ. ಸುಮಾ ದೊಡ್ಡ ಮಾಸ್ಕ್ ಕಟ್ಟಿದಳು, ಜಾರಿತು. ನಡುವಿನದು ಕಟ್ಟಿದಳು, ಅದೂ ಜಾರಿತು. ಕಡೆಗೆ ಡಬ್ಬದ ತಳದಿಂದ ಒಂದನ್ನು ಹುಡುಕಿ ತೆಗೆದಳು. ಎಲ್ಲಕ್ಕಿಂತ ಸಣ್ಣದು! ಗಡ್ಡ ಹೋದ ಮೇಲೆ ಉಳಿದ ಮುಖ ಅಷ್ಟೇ!

“ಈಗ ಬರೋಬ್ಬರಿ ಕುಂತೈತಿ ನೋಡಜ್ಜಾ.”

ಸಿಹಿ ಹತ್ತಲಿಲ್ಲ. ಈ ಸಲ ಖರೆ! ಇಷ್ಟು ವರ್ಷ ಬನಹಟ್ಟಿಯಲ್ಲಿ ಗತ್ತಿನಿಂದ ತಿರುಗಾಡಿದ್ದು ಆ ಗಡ್ಡ. ನಾನು ಅದರ ಹಿಂದೆ ಹೋಗುತ್ತಿದ್ದೆ, ಅಷ್ಟೇ!